ಅರಗಿನ ಮನೆಗೆ ವಿಮೆ ಮಾಡಿಸಿದ್ದು

ಧಾರವಾಡದ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ, ಪಡಸಾಲೆಗೆ ಹೊಂದಿಕೊಂಡ ಚಿಕ್ಕ ಕೋಣೆಯೊಂದರಲ್ಲಿ, 2022ರ ಏಪ್ರಿಲ್ ತಿಂಗಳವರೆಗೆ 612 ಗ್ರಾಮೋಫೋನ್ ಪ್ಲೇಟುಗಳಿದ್ದವು. ಅವುಗಳಲ್ಲಿ ಸುಮಾರು ಎಪ್ಪತ್ತು ನನ್ನ ತಂದೆಯವರು ಕೊಂಡವು. ಉಳಿದವನ್ನು ನಾನು ಮೂವತ್ತು ವರ್ಷಗಳಲ್ಲಿ ಹುಬ್ಬಳ್ಳಿಯ ದುರ್ಗದಬೈಲು, ಮುಂಬೈಯ ಚೋರ್ ಬಜಾರ್, ಬೆಂಗಳೂರಿನ ಅವೆನ್ಯೂ ರಸ್ತೆ ಎಂದು ಅಲೆದು ಒಂದೊಂದಾಗಿ ತಂದದ್ದು. ಬಹುಪಾಲು ನಿಮಿಷಕ್ಕೆ 78 ಸುತ್ತು ತಿರುಗುವ, ಒಂದು ಬದಿಗೆ ಮೂರು ನಿಮಿಷದ ಆಸುಪಾಸು ಹಾಡುವ ಹತ್ತು ಇಂಚಿನ ಪ್ಲೇಟುಗಳು. ಅವಕ್ಕೆ ವಿಮೆ ಮಾಡಿಸಬಹುದೆಂಬ ಯೋಚನೆಯೇ ಆವರೆಗೆ ನನಗೆ ಬಂದಿರಲಿಲ್ಲ. ಮನೆಗೆ ವಿಮೆಯಿದೆ, ಮನೆಯೊಳಗಿನದು ಮನೆಯೊಂದಿಗೇ ಸೇರಿದ್ದು ಎಂದು ಯಾರನ್ನೂ ಕೇಳದೆ ನಂಬಿಕೊಂಡಿದ್ದೆ.

ಆ ಏಪ್ರಿಲ್ಲಿನ ಒಂದು ದಿನ ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಏನೋ ಸುಟ್ಟ ನಾತ ಬರಲಿಕ್ಕತ್ತದ ನೋಡ್ರಿ" ಎಂದು ಕೂಗಿದಳು. ಪಡಸಾಲೆಯ ಮೂಲೆಯಲ್ಲಿದ್ದ ಇನ್ವರ್ಟರಿನ ಹಿಂದಿನ ವೈರು ಹೊತ್ತಿಕೊಂಡು, ಪಕ್ಕದ ಬಾಗಿಲ ಚೌಕಟ್ಟನ್ನು ಆಗಲೇ ಹಿಡಿದಿತ್ತು. ಮೇನ್ ಸ್ವಿಚ್ ತೆಗೆದು, ಎದುರು ಮನೆಯ ಕಟ್ಟಡ ಕೆಲಸಕ್ಕೆ ತಂದು ಹಾಕಿದ್ದ ಮರಳನ್ನು ನೆರೆಯ ಹುಡುಗರು ಬುಟ್ಟಿಗಟ್ಟಲೆ ತಂದು ಸುರಿದು, ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಬೆಂಕಿಯನ್ನು ಆರಿಸಿದರು. ಪ್ಲೇಟಿನ ಕೋಣೆಗೆ ಬೆಂಕಿ ದಾಟಿರಲಿಲ್ಲ. ಬಾಗಿಲು ತೆರೆದು ನೋಡಿ, ದೇವರು ದೊಡ್ಡವನು ಎಂದುಕೊಂಡು ಮತ್ತೆ ಮುಚ್ಚಿದೆ.

ಹಾನಿ ತಿಳಿದದ್ದು ಮರುದಿನ. ಬಾಗಿಲ ಮೇಲಿನ ಗವಾಕ್ಷಿಯಿಂದ ಬಿಸಿ ಹೊಗೆ ಒಳನುಗ್ಗಿ, ಬಿಸಿ ಗಾಳಿಯ ಸ್ವಭಾವದಂತೆ ಮೇಲೆಯೇ ನಿಂತು, ಕಪಾಟಿನ ಎಲ್ಲಕ್ಕಿಂತ ಮೇಲಿನ ಅಂಕಣವನ್ನು ಬೇಯಿಸಿಬಿಟ್ಟಿತ್ತು. ಕೆಳಗಿನ ಅಂಕಣಗಳ ಮೇಲೆ ಮಸಿಯೊಂದು ಬಿಟ್ಟರೆ ಮತ್ತೇನೂ ಇರಲಿಲ್ಲ. ಮೇಲಿನ ಅಂಕಣದಿಂದ ನಾನು ಹೊರಗೆಳೆದ ಮೊದಲ ಪ್ಲೇಟಿನ ಅಂಚು, ಆಗತಾನೇ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮೂರು ಕಡೆ ಮೇಲೆದ್ದು ಎರಡು ಕಡೆ ಕೆಳಗಿಳಿದಿತ್ತು. ಗೀರುಗಳೆಲ್ಲ ಹಾಗೆಯೇ ಇದ್ದವು, ಹೊಳಪೂ ಇತ್ತು, ಆದರೆ ಮುಳ್ಳು ಅದರ ಮೇಲೆ ಅರ್ಧ ಸುತ್ತೂ ನಿಲ್ಲುವಂತಿರಲಿಲ್ಲ. ಅಂಥವು ಒಟ್ಟು ಹದಿನೈದು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಧ್ವನಿಮುದ್ರಿಕೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದಿದ್ದವು. ಅವುಗಳಲ್ಲಿ ಒಂದನ್ನು 1998ರಲ್ಲಿ ದುರ್ಗದಬೈಲಿನ ಗುಜರಿಯವನೊಬ್ಬನಿಂದ ನಲವತ್ತು ರೂಪಾಯಿಗೆ ತಂದಿದ್ದೆ. ಕೈಗೆ ಬೇಗ ಸಿಗಲಿ, ಮಕ್ಕಳಿಗೆ ಎಟುಕದಿರಲಿ ಎಂದು ಪ್ರೀತಿಯವನ್ನೆಲ್ಲ ಮೇಲಿನ ಅಂಕಣದಲ್ಲಿಟ್ಟಿದ್ದೆನಾದ್ದರಿಂದ ಅದೂ ಆ ಹದಿನೈದರಲ್ಲಿ ಸೇರಿತ್ತು.

ಈ ಪ್ಲೇಟುಗಳು ಯಾವುದರಿಂದ ಆದವು ಎಂಬುದನ್ನು ನಾನು ಬಲ್ಲೆ, ಆದರೂ ಅದರ ಅರ್ಥವನ್ನು ಅಂದಿನವರೆಗೆ ಗ್ರಹಿಸಿರಲಿಲ್ಲ. ಕಲ್ಲಿನ ಪುಡಿ, ಕಾಡಿಗೆಯಂಥ ಕಪ್ಪು ಬಣ್ಣ ಇವನ್ನೆಲ್ಲ ಹಿಡಿದಿಟ್ಟುಕೊಳ್ಳುವ ಅಂಟು ಎಂದರೆ ಅರಗು. ಬಳೆಗೆ ಬಳಸುವ, ಲಕೋಟೆಗೆ ಮೊಹರು ಹಾಕುವ ಅದೇ ಅರಗು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ ಮುದ್ರಿಸಿದ ಪ್ಲೇಟುಗಳಿಂದ ಹಿಡಿದು, ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ಪ್ಲೇಟುಗಳವರೆಗೆ ಎಲ್ಲಕ್ಕೂ ಅದೇ ಮೂಲದ್ರವ್ಯ. ಅದು ಮೆತ್ತಗಾಗಲು 70–80 ಡಿಗ್ರಿ ಸೆಲ್ಸಿಯಸ್ ಸಾಕು. ಸ್ನಾನದ ಹಂಡೆಯ ನೀರು ಕುದಿಯುವುದಕ್ಕೂ ಮೊದಲು ಮುಟ್ಟುವ ಬಿಸಿ ಅಷ್ಟು. ಎಲ್‌ಪಿ ಪ್ಲೇಟುಗಳ ವಿನೈಲ್ ಎಂಬ ಪ್ಲಾಸ್ಟಿಕ್ ಕೂಡ ಹೆಚ್ಚುಕಡಿಮೆ ಅದೇ ಬಿಸಿಗೆ ಸೋಲುತ್ತದೆ, ಸುಟ್ಟರೆ ಆಮ್ಲದ ಹೊಗೆಯನ್ನೂ ಬಿಡುತ್ತದೆ. ಪಾಂಡವರಿಗೆ ಅರಗಿನ ಮನೆಯ ಗುಟ್ಟನ್ನು ಹೇಳಲು ವಿದುರನಿದ್ದ. ನಾನು ಮೂವತ್ತು ವರ್ಷ ಅರಗಿನ ಮನೆಯನ್ನು ನನ್ನ ಕೈಯಾರೆ ಕಟ್ಟಿಕೊಂಡು ಅದರ ಪಕ್ಕದಲ್ಲಿಯೇ ಇನ್ವರ್ಟರ್ ಇರಿಸಿದ್ದೆ.

ಕಪಾಟಿನ ತಳದಿಂದ ಮನೆಯ ವಿಮಾ ಪಾಲಿಸಿಯನ್ನು ಹುಡುಕಿ ತೆಗೆದದ್ದು ಆ ವಾರ. 2016ರಲ್ಲಿ ಮನೆ ರಿಪೇರಿಗೆಂದು ಸಾಲ ಪಡೆದಾಗ ಸಾಲದ ಕಾಗದಗಳ ಜೊತೆಗೇ ಸಹಿ ಮಾಡಿಸಿಕೊಂಡ ಪಾಲಿಸಿ ಅದು. ಆರು ವರ್ಷಗಳಲ್ಲಿ ಮೊದಲ ಸಲ ಅದನ್ನು ಓದಿದೆ. ವಿಮೆಗೆ ಒಳಪಟ್ಟ ಆಸ್ತಿ ಎಂಬ ಸಾಲಿನ ಮುಂದೆ 'ಕಟ್ಟಡ' ಎಂಬ ಒಂದೇ ಮಾತಿತ್ತು. ಸಾಲ ಕೊಟ್ಟವರಿಗೆ ಅವರ ಒತ್ತೆಯಾದ ಗೋಡೆ, ಚಾವಣಿಗಳ ಚಿಂತೆಯೇ ಹೊರತು ನನ್ನ ಪ್ಲೇಟುಗಳ ಚಿಂತೆ ಏಕಿದ್ದೀತು? ಬಾಗಿಲು, ಗಿಲಾವು, ಗೋಡೆಯೊಳಗಿನ ವೈರಿಂಗಿನ ಒಂದು ಭಾಗ ಇವುಗಳಿಗೆ ಹಣ ಬಂದಿತು. ಇನ್ವರ್ಟರಿಗೆ ಬರಲಿಲ್ಲ. ಶಾರ್ಟ್ ಸರ್ಕಿಟ್ಟಿನಿಂದ ಯಾವ ವಿದ್ಯುತ್ ಉಪಕರಣ ಕೆಟ್ಟಿತೋ ಆ ಉಪಕರಣಕ್ಕೆ ಪರಿಹಾರವಿಲ್ಲ, ಅದರಿಂದ ಎದ್ದ ಬೆಂಕಿ ಬೇರೆ ವಸ್ತುಗಳನ್ನು ಸುಟ್ಟರೆ ಅವಕ್ಕೆ ಇದೆ ಎಂಬ ಷರತ್ತು ಅಗ್ನಿ ವಿಮೆಯ ಪಾಲಿಸಿಗಳಲ್ಲಿ ಹಿಂದಿನಿಂದಲೂ ಇರುವಂಥದ್ದೇ ಎಂದು ಆಗ ತಿಳಿಯಿತು. ಆದರೆ ಆ ಬೇರೆ ವಸ್ತುಗಳು ಮೊದಲು ಪಾಲಿಸಿಯಲ್ಲಿ ಬರೆಸಿದವಾಗಿರಬೇಕಷ್ಟೆ.

ಹೊಸದಾಗಿ ವಿಮೆ ಮಾಡಿಸೋಣವೆಂದು ಪರಿಚಯದ ಏಜೆಂಟರೊಬ್ಬರನ್ನು ಕರೆಸಿದೆ. ಅವರು ಕೋಣೆಯ ಬಾಗಿಲಲ್ಲೇ ನಿಂತು ನೋಡಿ, "ಸರ, ಹಳೀ ಪ್ಲೇಟಿಗೆ ಯಾರು ವಿಮಾ ಕೊಡ್ತಾರ್ರೀ? ಟೀವಿ, ಫ್ರಿಜ್, ಮ್ಯೂಸಿಕ್ ಸಿಸ್ಟಂ ಅಂತ ಬರಕೊಂಡ್ರ ನಡೀತದ ನೋಡ್ರಿ" ಎಂದರು. ಪ್ರಪೋಸಲ್ ಫಾರಮ್ಮಿನಲ್ಲಿ 'ಮ್ಯೂಸಿಕ್ ಸಿಸ್ಟಂ, ಐದು ಲಕ್ಷ' ಎಂದು ಬರೆದೂ ಬಿಟ್ಟರು. ಅವರು ಕೆಟ್ಟವರಲ್ಲ, ನನ್ನ ಕೆಲಸ ಸುಲಭವಾಗಲಿ ಎಂದೇ ಹಾಗೆ ಬರೆದರು. ಆದರೆ ವಿಮೆಯ ಒಪ್ಪಂದವೆಲ್ಲ ನಿಂತಿರುವುದು ಫಾರಮ್ಮಿನಲ್ಲಿ ಬರೆದ ಮಾತು ನಿಜವೆಂಬ ನಂಬಿಕೆಯ ಮೇಲೆ. ನಾಳೆ ಕೋಣೆ ಸುಟ್ಟಾಗ ಬಂದವರು ಐದು ಲಕ್ಷದ ಮ್ಯೂಸಿಕ್ ಸಿಸ್ಟಂ ಎಲ್ಲಿ ಎಂದು ಕೇಳಿದರೆ ನಾನು ತೋರಿಸುವುದೇನು? ಆ ಫಾರಂ ಹರಿದುಹಾಕಿ, ನಾನೇ ಒಂದು ವಿಮಾ ಕಂಪನಿಯ ಶಾಖೆಗೆ ಹೋದೆ.

ಶಾಖೆಯಲ್ಲಿದ್ದ ತರುಣ ಅಧಿಕಾರಿಣಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಬೇಕೆಂದು ಜಾರಿಗೆ ತಂದ 'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿಯ ಪ್ರತಿಯೊಂದನ್ನು ಮುಂದಿಟ್ಟು, ಅದರಲ್ಲಿ ಮನೆಯೊಳಗಿನ ಸಾಮಾನುಗಳು ಎರಡು ಬಗೆ ಎಂದು ವಿವರಿಸಿದರು. ಮಂಚ, ಕುರ್ಚಿ, ಟೀವಿ, ಪಾತ್ರೆ ಪಗಡೆಗಳಂಥ ಸಾಮಾನ್ಯ ಸಾಮಾನು ಒಂದು ಬಗೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಇವು ಬೇರೆ ಪಟ್ಟಿಯಿಲ್ಲದೆ ತಾವಾಗಿಯೇ ಒಳಗೊಳ್ಳುತ್ತವೆ. ಅದನ್ನು ಕೇಳಿ, ಹಾಗಿದ್ದರೆ ನನ್ನ ಪ್ಲೇಟುಗಳೂ ಅದರಲ್ಲೇ ಬಂದವಲ್ಲ ಎಂದೆ. ಅವರು ಕೇಳಿದ ಮರುಪ್ರಶ್ನೆಯೇ ಇಡೀ ವ್ಯವಹಾರದ ಕೀಲಿ. ಸಾಮಾನ್ಯ ಸಾಮಾನು ಸುಟ್ಟರೆ ಅಂಥದ್ದೇ ಹೊಸದನ್ನು ಕೊಳ್ಳಲು ತಗಲುವ ವೆಚ್ಚವನ್ನು ಕೊಡುತ್ತೇವೆ. ನಿಮ್ಮ ಪ್ಲೇಟುಗಳನ್ನು ಹೊಸದಾಗಿ ಯಾರು ಮಾಡುತ್ತಾರೆ, ಎಲ್ಲಿ ಸಿಗುತ್ತವೆ?

ಹೊಸದೇ ಇಲ್ಲದ ವಸ್ತುವಿಗೆ ಹೊಸದರ ಬೆಲೆ ಎಂಬುದೇ ಇಲ್ಲ. ಅಂಥವುಗಳಿಗಾಗಿಯೇ ಇರುವುದು ಎರಡನೆಯ ಬಗೆ: ಒಡವೆ, ಬೆಳ್ಳಿ ಸಾಮಾನು, ಚಿತ್ರಕಲೆ, ಬೆಲೆಬಾಳುವ ರತ್ನಗಂಬಳಿ, ಪುರಾತನ ವಸ್ತು, ಅಪರೂಪದ ಸಂಗ್ರಹ ವಸ್ತುಗಳು. ಇವಕ್ಕೆ ಬೇರೆಯಾಗಿ ಕೇಳಿ, ಬೇರೆ ಪ್ರೀಮಿಯಂ ಕಟ್ಟಿ ರಕ್ಷಣೆ ಪಡೆಯಬೇಕು. ಇಲ್ಲಿ ಪರಿಹಾರ ನಿರ್ಧಾರವಾಗುವುದು ಒಪ್ಪಿತ ಮೌಲ್ಯದ ಮೇಲೆ, ಅಂದರೆ ಪ್ರತಿಯೊಂದು ವಸ್ತುವಿನ ಬೆಲೆಯನ್ನು ಪಾಲಿಸಿ ಕೊಡುವಾಗಲೇ ಇಬ್ಬರೂ ಒಪ್ಪಿಕೊಂಡು ಬರೆದಿಟ್ಟಿರಬೇಕು. ಈ ಬಗೆಯ ವಸ್ತುಗಳ ಒಟ್ಟು ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ, ಯಾವ ಒಂದು ವಸ್ತುವೂ 1 ಲಕ್ಷ ರೂಪಾಯಿ ಮೀರದಿದ್ದರೆ, ಮೌಲ್ಯಮಾಪಕರ ಪ್ರಮಾಣಪತ್ರದ ಅಗತ್ಯವಿಲ್ಲ. ಮೀರಿದರೆ ಬೇಕು. ನಾನು ಮೀರಲಿಲ್ಲ, ಮೀರದಿದ್ದದ್ದು ಒಳ್ಳೆಯದೇ ಆಯಿತು; ಏಕೆಂದರೆ ಒಡವೆ ತೂಗಲು, ಜಮೀನಿಗೆ ಬೆಲೆ ಕಟ್ಟಲು ಊರಿಗೆ ನಾಲ್ಕು ಜನ ಸಿಗುತ್ತಾರೆ, 78ರ ಪ್ಲೇಟಿಗೆ ಬೆಲೆ ಕಟ್ಟುವವರು ನಮ್ಮ ಭಾಗದಲ್ಲಿ ನನಗೆ ಒಬ್ಬರೂ ಸಿಗಲಿಲ್ಲ.

"ಪಟ್ಟಿ ತಗೊಂಡು ಬರ್ರಿ ಸರ್" ಎಂದು ಅವರು ಹೇಳಿ ಕಳಿಸಿದ್ದು ಜೂನ್ ಮೊದಲ ವಾರ. ಒಂದು ವಾರದಲ್ಲಿ ಬರುತ್ತೇನೆಂದು ಹೇಳಿ ಬಂದವನು ಮತ್ತೆ ಆ ಮೆಟ್ಟಿಲು ಹತ್ತಿದ್ದು ಆಗಸ್ಟ್ ಕೊನೆಗೆ.

ನನ್ನ ಸಂಗ್ರಹದಲ್ಲಿ ಏನಿದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ಸುಟ್ಟ ಮೇಲೆ ಸಾಕ್ಷಿಯಾಗುವುದಿಲ್ಲ. ಪುಣೆಯಲ್ಲಿರುವ ಮಗಳು ಕಂಪ್ಯೂಟರಿನಲ್ಲಿ ಕೋಷ್ಟಕವೊಂದನ್ನು ಮಾಡಿಕೊಟ್ಟಳು. ಕ್ರಮಸಂಖ್ಯೆ, ಕಂಪನಿ, ಲೇಬಲ್ಲಿನ ಮೇಲಿನ ಸಂಖ್ಯೆ, ಎರಡೂ ಬದಿಯ ಹಾಡು, ಗಾಯಕರು, ಸ್ಥಿತಿ, ಕೊಂಡ ವರ್ಷ, ಕೊಂಡ ಬೆಲೆ, ಈಗಿನ ಬೆಲೆ ಎಂದು ಅಂಕಣಗಳು. ದಿನಕ್ಕೆ ಹನ್ನೆರಡು ಪ್ಲೇಟು ಮುಗಿದರೆ ಹೆಚ್ಚು. ಒಂದೊಂದನ್ನೂ ಲಕೋಟೆಯಿಂದ ಹೊರತೆಗೆದು, ಮೆತ್ತನೆಯ ಕುಂಚದಿಂದ ಧೂಳು ಒರೆಸಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ನೆತ್ತಿಯ ಮೇಲಿನ ದೀಪ ಆರಿಸಿ, ಓರೆಯಾಗಿ ಬೀಳುವ ಬೆಳಕಿನಲ್ಲಿ ಚಿತ್ರ ತೆಗೆಯುತ್ತಿದ್ದೆ. ನೇರ ಬೆಳಕಿನಲ್ಲಿ ಎಲ್ಲ ಪ್ಲೇಟೂ ಹೊಸದರಂತೆ ಕಾಣುತ್ತದೆ. ಓರೆ ಬೆಳಕು ಬಿದ್ದೊಡನೆ ಕೂದಲೆಳೆಯಂಥ ಬಿರುಕು, ಹಳೆಯ ಉಕ್ಕಿನ ಮುಳ್ಳು ಕೆರೆದ ಗೀರು, ಬೂಷ್ಟು ಹಿಡಿದ ಬಿಳಿಯ ಮಚ್ಚೆ ಎಲ್ಲ ಎದ್ದು ನಿಲ್ಲುತ್ತವೆ. ಲೇಬಲ್ಲಿಗೂ ಗೀರುಗಳಿಗೂ ನಡುವೆ ಇರುವ ನುಣುಪು ಪಟ್ಟಿಯಲ್ಲಿ, ಅಚ್ಚಿಗೆ ಕೊಟ್ಟ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಕೆತ್ತಿರುತ್ತಾರೆ. ಲೇಬಲ್ ಹರಿದರೂ, ಪ್ಲೇಟು ಒಡೆದರೂ ಆ ತುಂಡಿನ ಮೇಲೆ ಅದು ಉಳಿಯುತ್ತದೆ. ಅದನ್ನು ಓದಲು ಭೂತಗನ್ನಡಿ ಹಿಡಿದು ಕುತ್ತಿಗೆ ನೋಯಿಸಿಕೊಂಡ ಸಂಜೆಗಳೆಷ್ಟೋ.

ಈ ಕೆಲಸದಲ್ಲಿ ಮುಜುಗರಗಳೂ ಆದವು. ಇದ್ದೇ ಇದೆ ಎಂದು ಹತ್ತು ಜನರೆದುರು ಹೇಳಿಕೊಂಡಿದ್ದ ನಾಲ್ಕು ಪ್ಲೇಟುಗಳ ಲಕೋಟೆಯೊಳಗೆ ಬೇರೆಯೇ ಪ್ಲೇಟುಗಳಿದ್ದವು. ಇಪ್ಪತ್ತೆರಡು ಹಾಡುಗಳು ಎರಡೆರಡು ಪ್ರತಿ ಇದ್ದವು, ಅವುಗಳಲ್ಲಿ ಕೆಲವನ್ನು ಎರಡನೆಯ ಸಲ ಮೊದಲಿಗಿಂತ ಹೆಚ್ಚು ಹಣ ಕೊಟ್ಟು ತಂದಿದ್ದೆ. ಹೆಂಡತಿಗೆ ಆ ಅಂಕಣವನ್ನು ತೋರಿಸಲಿಲ್ಲ.

ಬೆಲೆಯ ಅಂಕಣವೇ ಎಲ್ಲಕ್ಕಿಂತ ಕಠಿಣ. ಕೊಂಡ ಬೆಲೆಗೆ ರಸೀದಿ ಇದ್ದದ್ದು ನೂರಕ್ಕೂ ಕಡಿಮೆ ಪ್ಲೇಟುಗಳಿಗೆ. ಗುಜರಿ ಅಂಗಡಿಯವನು ರಸೀದಿ ಕೊಡುತ್ತಾನೆಯೇ? ಈಗಿನ ಬೆಲೆಗೆ, ಕಳೆದ ಎರಡು ವರ್ಷಗಳಲ್ಲಿ ಅಂತರ್ಜಾಲದ ಹರಾಜುಗಳಲ್ಲಿ ಅದೇ ಅಥವಾ ಅಂಥದೇ ಪ್ಲೇಟು ನಿಜವಾಗಿ ಮಾರಾಟವಾದ ದರವನ್ನು ಹಿಡಿದೆ. ಮಾರುವವರು ಕೇಳಿದ ದರ ಬೇರೆ, ಕೊಂಡವರು ಕೊಟ್ಟ ದರ ಬೇರೆ. ಮೊದಲನೆಯದು ಆಸೆ, ಎರಡನೆಯದಷ್ಟೇ ಬೆಲೆ. ಹತ್ತಾರು ವರ್ಷಗಳ ಪರಿಚಯವಿದ್ದ ಮುಂಬೈಯ ಹಳೆಯ ವ್ಯಾಪಾರಿಯೊಬ್ಬರು ನನ್ನ ಪಟ್ಟಿಯ ಮೇಲಿನ ಐವತ್ತು ಪ್ಲೇಟುಗಳ ದರವನ್ನು ನೋಡಿ ತಿದ್ದಿ, ತಮ್ಮ ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಬರೆದು ಸಹಿ ಮಾಡಿಕೊಟ್ಟರು. ನಿಯಮದ ಪ್ರಕಾರ ಬೇಕಿರದಿದ್ದರೂ ಆ ಕಾಗದ ಮುಂದೆ ಉಪಯೋಗಕ್ಕೆ ಬಂತು.

ಮಗಳೊಡನೆ ಜಗಳವಾದದ್ದು ಒಂದೇ ಒಂದು ಪ್ಲೇಟಿನ ವಿಷಯದಲ್ಲಿ. ತಂದೆಯವರು ತಮ್ಮ ಮೊದಲ ಸಂಬಳದಲ್ಲಿ ಕೊಂಡ ಮನಸೂರರ ಪ್ಲೇಟು ಕ್ರಮಸಂಖ್ಯೆ 214. ಅದರ ಮುಂದೆ ನಾನು ಹತ್ತು ಸಾವಿರ ಎಂದು ಬರೆದಿದ್ದೆ. ಮಗಳು ಫೋನಿನಲ್ಲೇ ಆ ಅಂಕಿಯನ್ನು ಅಳಿಸಿ ಒಂದೂವರೆ ಸಾವಿರ ಮಾಡಿದಳು. "ಅಪ್ಪಾ, ವಿಮಾ ಇರೋದು ಪ್ಲೇಟಿಗೆ, ನಿನ್ನ ಮನಸ್ಸಿಗಲ್ಲ" ಎಂದಳು. ಸಿಟ್ಟು ಬಂದರೂ ಒಪ್ಪಿದೆ, ಏಕೆಂದರೆ ಒಂದು ಅಂಕಿ ಉಬ್ಬಿಸಿದ್ದೆಂದು ಕಂಡುಬಂದರೆ ಉಳಿದ 596 ಅಂಕಿಗಳನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ. ಕೊನೆಗೆ 597 ಪ್ಲೇಟುಗಳ ಒಟ್ಟು ಮೊತ್ತ 4,86,000 ರೂಪಾಯಿ ಆಯಿತು. ಅತಿ ಹೆಚ್ಚಿನ ಒಂದಕ್ಕೆ 18,000. ಪ್ರೀಮಿಯಂ ಶೇ. 18 ಜಿಎಸ್‌ಟಿ ಸೇರಿಯೂ ವರ್ಷಕ್ಕೆ ಎರಡು ಸಾವಿರ ರೂಪಾಯಿಯೊಳಗೇ ಇತ್ತು. ಗ್ರಾಮೋಫೋನಿನ ಮುಳ್ಳು ಹಿಡಿಯುವ ಸೌಂಡ್‌ಬಾಕ್ಸ್ ಒಂದು ಸಲ ರಿಪೇರಿ ಮಾಡಿಸಲು ಅದಕ್ಕಿಂತ ಹೆಚ್ಚು ಕೊಟ್ಟಿದ್ದೇನೆ.

ಈ ನಡುವೆ ನಾಣ್ಯ ಸಂಗ್ರಹಿಸುವ ಹುಬ್ಬಳ್ಳಿಯ ಸ್ನೇಹಿತರೊಬ್ಬರು ನನ್ನ ಓಡಾಟ ನೋಡಿ ತಾವೂ ಉತ್ಸಾಹಗೊಂಡರು. ಅವರ ದಾರಿ ನನ್ನದಕ್ಕಿಂತ ದುರ್ಗಮ. ನಾಣ್ಯ, ನೋಟು, ಹಸ್ತಪ್ರತಿ, ಯಾವುದೇ ಬಗೆಯ ದಾಖಲೆಪತ್ರ ಇವುಗಳನ್ನು ಪಾಲಿಸಿಯಲ್ಲಿ ಸ್ಪಷ್ಟವಾಗಿ ಹೆಸರಿಸಿ ಬರೆಯದ ಹೊರತು ರಕ್ಷಣೆಯಿಲ್ಲ ಎಂದು ಪಾಲಿಸಿಯೇ ಹೇಳುತ್ತದೆ. ಹಿಂದಿನ ಅಗ್ನಿ ಪಾಲಿಸಿಗಳಲ್ಲಿ ಅಂಚೆಚೀಟಿಯೂ ಈ ಸಾಲಿನಲ್ಲೇ ಇತ್ತು, ಅಪರೂಪದ ಕಲಾವಸ್ತುಗಳಿಗೆ ಹತ್ತು ಸಾವಿರ ರೂಪಾಯಿಯ ಮಿತಿಯೂ ಇತ್ತು. ಸ್ನೇಹಿತರು, ಹಾಗಾದರೆ ಬ್ಯಾಂಕಿನ ಲಾಕರೇ ಸಾಕು ಎಂದರು. ಲಾಕರಿನ ಲೆಕ್ಕವೂ ನೋಡುವಂಥದ್ದೇ. 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇವುಗಳಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ವರ್ಷಕ್ಕೆ ಎರಡು ಸಾವಿರ ಬಾಡಿಗೆಯಾದರೆ ಎರಡು ಲಕ್ಷಕ್ಕೆ ಮುಗಿಯಿತು. ಭೂಕಂಪ, ಪ್ರವಾಹಗಳಂಥ ನೈಸರ್ಗಿಕ ವಿಕೋಪವಾದರೆ ಬ್ಯಾಂಕಿನ ಹೊಣೆಯೇ ಇಲ್ಲ. ಸ್ನೇಹಿತರು ಈಗ ಲಾಕರಿನಲ್ಲಿ ಅರ್ಧ, ಪಾಲಿಸಿಯಲ್ಲಿ ಹೆಸರಿಸಿ ಅರ್ಧ ಎಂದು ಇಟ್ಟಿದ್ದಾರೆ.

ವಿಮೆ ಹಣ ಕೊಟ್ಟೀತೇ ಹೊರತು ಪ್ಲೇಟು ಕೊಡದು. ಆದ್ದರಿಂದ ಕೋಣೆಯನ್ನೂ ಬದಲಿಸಿದೆ. ಮೊದಲು ನೋಡಿದ್ದು ಬೆಂಕಿಗೆ ಜಗ್ಗದ ಕಪಾಟುಗಳನ್ನು. ಹುಬ್ಬಳ್ಳಿಯ ಅಂಗಡಿಯವನು ಒಂದು ಗಂಟೆ ಬೆಂಕಿಯಲ್ಲಿಟ್ಟರೂ ಒಳಗಿನ ಕಾಗದ ಹೊತ್ತುವುದಿಲ್ಲ ಎಂದು ಎದೆ ತಟ್ಟಿ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ, ಆದರೆ ಕಾಗದಕ್ಕೆಂದು ಮಾಡಿದ ಅಂಥ ಕಪಾಟಿನ ಮಾನದಂಡವೆಂದರೆ ಒಳಗಿನ ಬಿಸಿ ಸುಮಾರು 177 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂಬುದು. ಅಷ್ಟರಲ್ಲಿ ಕಾಗದ ಉಳಿದೀತು, ನನ್ನ ಅರಗು ಪಾಯಸವಾಗಿರುತ್ತದೆ. ಕಂಪ್ಯೂಟರ್ ಡಿಸ್ಕುಗಳಿಗೆಂದು ಮಾಡಿದ, ಒಳಗೆ ಸುಮಾರು 52 ಡಿಗ್ರಿ ಮೀರದ ಕಪಾಟುಗಳೂ ಇವೆ. 120 ಕಿಲೋ ತೂಗುವ ನನ್ನ ಸಂಗ್ರಹ ಹಿಡಿಸುವಂಥದ್ದಕ್ಕೆ ಹೇಳಿದ ಬೆಲೆ ಸಂಗ್ರಹದ ಬೆಲೆಗೇ ಸಮೀಪವಿತ್ತು. ಸಾದಾ ಉಕ್ಕಿನ ಕಪಾಟಂತೂ ಬೆಂಕಿ ಬಿದ್ದಾಗ ಒಲೆಯ ಮೇಲಿನ ಡಬ್ಬಿಯೇ ಸರಿ.

ಕಪಾಟು ಬಿಟ್ಟು ಕಾರಣಗಳನ್ನೇ ಹಿಡಿದೆ. ಅರ್ಧ ಶತಮಾನದ ವೈರಿಂಗ್ ಕಿತ್ತು ಹೊಸದು ಹಾಕಿಸಿದೆ. ಪ್ರತಿ ಸಾಲಿಗೆ ಹೊರೆ ಹೆಚ್ಚಿದರೆ ತಾನೇ ಕಡಿಯುವ ಎಂಸಿಬಿ ಸ್ವಿಚ್ಚು, ಎಲ್ಲಕ್ಕೂ ಸೇರಿ ವಿದ್ಯುತ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಇನ್ವರ್ಟರ್ ಹಿತ್ತಲ ಕಟ್ಟೆಗೆ ಹೋಯಿತು. ಗವಾಕ್ಷಿಗೆ ಇಟ್ಟಿಗೆ ಕಟ್ಟಿಸಿದೆ. ಕೋಣೆಯೊಳಗೆ ಯಾವ ಪ್ಲಗ್ಗೂ ಇಲ್ಲ. ಪ್ಲೇಟು ಹಾಕುವುದು ಪಡಸಾಲೆಯಲ್ಲಿ. ಹೊಸ ಸಾಗುವಾನಿ ಗೂಡುಗಳ ಕೊನೆಯ ಅಂಕಣ ಜಂತಿಯಿಂದ ಒಂದು ಮೀಟರ್ ಕೆಳಗೇ ನಿಲ್ಲುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಜಿಲ್ಲೆ ಕಂಡ ನೆರೆಯನ್ನು ನೆನೆದು ಮೊದಲ ಅಂಕಣವನ್ನು ನೆಲದಿಂದ ಒಂದು ಗೇಣು ಮೇಲೆ ಇರಿಸಿದೆ. ಹೊಗೆ ಕಂಡರೆ ಕೂಗುವ ಬ್ಯಾಟರಿಯ ಅಲಾರಂ ಒಂದು ಜಂತಿಗೆ ತೂಗುತ್ತಿದೆ, ಒಗ್ಗರಣೆ ಸೀದರೂ ಕೂಗುತ್ತದೆ. ಬೆಂಕಿ ಆರಿಸುವ ಸಿಲಿಂಡರಿನಲ್ಲಿಯೂ ಆಯ್ಕೆಯಿದೆ: ಪುಡಿ ಸಿಂಪಡಿಸುವ ಎಬಿಸಿ ಬಗೆಯದು ಮನೆಗೆ ಒಳ್ಳೆಯದಾದರೂ ಅದರ ಪುಡಿ ಪ್ಲೇಟಿನ ಗೀರಿನೊಳಗೆ ಸೇರಿದರೆ ಬಿಡಿಸುವುದು ಕಷ್ಟ, ತೇವ ತಾಗಿದರೆ ಲೋಹವನ್ನೂ ತಿನ್ನುತ್ತದೆ. ಆದ್ದರಿಂದ ಅದನ್ನು ಅಡುಗೆಮನೆಯ ಬಳಿಯಿಟ್ಟು, ಕೋಣೆಯ ಹೊರಗೆ ಇಂಗಾಲದ ಡೈಆಕ್ಸೈಡಿನದನ್ನು ಇರಿಸಿದೆ. ಎರಡರ ಮೇಲೂ ಐಎಸ್ 15683 ಎಂಬ ಭಾರತೀಯ ಮಾನಕದ ಗುರುತನ್ನು ನೋಡಿಯೇ ಕೊಂಡೆ. ಇಂಗಾಲದ ಅನಿಲವನ್ನು ಮುಚ್ಚಿದ ಸಣ್ಣ ಕೋಣೆಯಲ್ಲಿ ಬಿಟ್ಟರೆ ನಮಗೇ ಉಸಿರು ಕಟ್ಟುತ್ತದೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಪಟ್ಟಿಯ ಒಂದು ಪ್ರತಿ ಮಗಳ ಬಳಿ ಪುಣೆಯಲ್ಲಿ, ಒಂದು ಪ್ರತಿ ಶಾಖೆಯ ಕಡತದಲ್ಲಿ, ಒಂದು ಮನೆಯಲ್ಲಿ. ಮನೆಯ ಪಟ್ಟಿ ಮನೆಯೊಂದಿಗೇ ಸುಡುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಹಾಡುಗಳನ್ನೂ ವಾರಕ್ಕೆ ಹತ್ತು ಪ್ಲೇಟಿನಂತೆ ಡಿಜಿಟಲ್‌ಗೆ ಇಳಿಸುತ್ತಿದ್ದೇನೆ.

ಪಾಲಿಸಿ ಸೆಪ್ಟೆಂಬರಿನಲ್ಲಿ ಕೈಗೆ ಬಂತು. ಈ ಸಲ ಬಂದ ದಿನವೇ ಓದಿದೆ. ಬೆಲೆಬಾಳುವ ವಸ್ತುಗಳ ಪಟ್ಟಿಯ ಮುಂದೆ 'ಪುರಾತನ ಪೀಠೋಪಕರಣ' ಎಂದಿತ್ತು! ಯಾರೋ ಕಂಪ್ಯೂಟರಿನ ಪಟ್ಟಿಯಲ್ಲಿ ಹತ್ತಿರದ ಹೆಸರನ್ನು ಒತ್ತಿದ್ದರು. ಎರಡು ಸಲ ಪತ್ರ ಬರೆದ ಮೇಲೆ ತಿದ್ದುಪಡಿಯ ಎಂಡೋರ್ಸ್‌ಮೆಂಟ್ ಬಂತು. ಅದರಲ್ಲಿ 'ಗ್ರಾಮೋಫೋನ್ ಧ್ವನಿಮುದ್ರಿಕೆಗಳ ಸಂಗ್ರಹ, 597, ಲಗತ್ತಿಸಿದ ಪಟ್ಟಿಯಂತೆ' ಎಂದು ಸರಿಯಾಗಿತ್ತು. ಬರೀ ಕಳ್ಳತನಕ್ಕೆ ಈ ಪಾಲಿಸಿ ಅಲ್ಲ, ಬೆಂಕಿ ಮೊದಲಾದ ಘಟನೆ ನಡೆದು ಏಳು ದಿನಗಳೊಳಗೆ ಅದರ ಬೆನ್ನಿಗೇ ಆದ ಕಳವಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನೂ ಆ ದಿನವೇ ಓದಿ ತಿಳಿದೆ.

ನಾನು ಬೆಂಕಿಯ ದಾರಿ ಕಾಯುತ್ತಿದ್ದರೆ, ಬಂದದ್ದು ಗಾಳಿ. 2024ರ ಮೇ ತಿಂಗಳ ಒಂದು ಸಂಜೆ, ಮಳೆಗೆ ಮುಂಚಿನ ಬಿರುಗಾಳಿಯಲ್ಲಿ ಹಿತ್ತಲ ಮಾವಿನ ಮರದ ಕೊಂಬೆ ಮುರಿದು ಹೆಂಚಿನ ಮೇಲೆ ಬಿದ್ದು, ಹೆಂಚುಗಳ ಸಮೇತ ಗೂಡಿನ ಮೇಲೆ ಇಳಿಯಿತು. ಹಿಂದೆಯೇ ಮಳೆ. ಮೂರು ಪ್ಲೇಟು ಒಡೆದವು, ಒಂಬತ್ತರ ಲೇಬಲ್ ನೆನೆದು ಎದ್ದುಬಂದವು. ಬಿರುಗಾಳಿ, ಮರ ಬೀಳುವುದು ಎರಡೂ ಪಾಲಿಸಿಯಲ್ಲಿದ್ದವು. ಆದರೆ ಹಾನಿ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವವರೆಗೆ ಏನನ್ನೂ ಮುಟ್ಟಬಾರದು ಎಂದು ಒಬ್ಬರು, ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯ ಎಂದು ಪಾಲಿಸಿ. ಟಾರ್ಚಿನ ಬೆಳಕಿನಲ್ಲಿ ಇದ್ದದ್ದು ಇದ್ದಂತೆ ನಲವತ್ತು ಚಿತ್ರ ತೆಗೆದು, ಶಾಖೆಗೆ ಆ ರಾತ್ರಿಯೇ ಇ-ಮೇಲ್ ಕಳಿಸಿ, ಆಮೇಲೆ ನೆನೆದ ಒಂಬತ್ತನ್ನೂ ಒರೆಸಿ ಅಡುಗೆಮನೆಯ ತಟ್ಟೆ ಇಡುವ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಆ ರಾತ್ರಿ ಊಟದ ತಟ್ಟೆಗಳು ನೆಲದ ಮೇಲಿದ್ದವು.

ಮೂರನೆಯ ದಿನ ಸರ್ವೇಯರ್ ಬಂದರು. ಸಜ್ಜನರು, ಚಹಾ ಕುಡಿದು, ಪಟ್ಟಿಯನ್ನೂ ತುಂಡುಗಳ ಮೇಲಿನ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ ಹೋಲಿಸಿ, ಮೂರನ್ನೂ ಹತ್ತು ನಿಮಿಷದಲ್ಲಿ ಒಪ್ಪಿದರು. ತೊಡಕಾದದ್ದು ಲೇಬಲ್ಲುಗಳಲ್ಲಿ. ಒಂದನ್ನು ಹಾಕಿ ಕೇಳಿಸಲು ಹೇಳಿದರು, ಕೇಳಿಸಿದೆ. "ಹಾಡ್ತದಲ್ಲರೀ ಸರ, ಮತ್ತ ಹಾನಿ ಎಲ್ಲಿ ಆತು?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಲೇಬಲ್ಲಿಲ್ಲದ ಪ್ಲೇಟು ಸಂಗ್ರಾಹಕರ ಪೇಟೆಯಲ್ಲಿ ತಲೆಚೀಟಿ ಇಲ್ಲದ ಅನಾಥ ಎಂದು ಎಷ್ಟು ಹೇಳಿದರೂ ಅವರಿಗೆ ಅದು ನನ್ನ ಮಾತಷ್ಟೇ. ಆಗ ಮುಂಬೈಯ ವ್ಯಾಪಾರಿಯ ಕಾಗದ ತೆಗೆದೆ. ಅದರಲ್ಲಿ ಅವರು, ನಾನು ಕೇಳದಿದ್ದರೂ, ಲೇಬಲ್ ಕೆಟ್ಟರೆ ಬೆಲೆ ಮೂರನೆಯ ಒಂದು ಭಾಗದಷ್ಟು ಇಳಿಯುವುದು ವಾಡಿಕೆ ಎಂದು ಒಂದು ಸಾಲು ಬರೆದಿದ್ದರು. ಸರ್ವೇಯರ್ ಅದರ ಚಿತ್ರ ತೆಗೆದುಕೊಂಡು ಹೋದರು.

ಒಡೆದ ಮೂರಕ್ಕೆ ಒಪ್ಪಿತ ಮೌಲ್ಯ 6,000, 2,200 ಮತ್ತು 1,500 ಸೇರಿ 9,700 ರೂಪಾಯಿ. ನೆನೆದ ಒಂಬತ್ತರ ಒಟ್ಟು ಮೌಲ್ಯ 21,000ದಲ್ಲಿ ಶೇ. 30, ಅಂದರೆ 6,300. ಒಟ್ಟು 16,000 ಮಂಜೂರಾಯಿತು. ಹೆಂಚಿನ ಲೆಕ್ಕ ಬೇರೆ. ಶಾಖೆಯಿಂದ ಅಧಿಕಾರಿಣಿ ಫೋನ್ ಮಾಡಿ, ಇನ್ನೊಂದೇ ವಿಷಯ ಉಳಿದಿದೆ ಎಂದರು. ಪೂರ್ತಿ ಮೌಲ್ಯ ಕೊಟ್ಟ ಮೇಲೆ ಉಳಿಕೆ, ಅವರ ಭಾಷೆಯಲ್ಲಿ ಸಾಲ್ವೇಜ್, ಕಂಪನಿಗೆ ಸೇರುತ್ತದೆ. ಒಡೆದ ಮೂರು ಪ್ಲೇಟುಗಳ ತುಂಡುಗಳನ್ನು ಕಚೇರಿಗೆ ಒಪ್ಪಿಸಬೇಕು, ಇಲ್ಲವೇ ಅವುಗಳ ಬೆಲೆಯೆಂದು ತಲಾ ನೂರು ರೂಪಾಯಿಯನ್ನು ಮಂಜೂರಾದ ಹಣದಲ್ಲಿ ಕಳೆಯಲು ಒಪ್ಪಿಗೆ ಬರೆದುಕೊಡಬೇಕು. ಒಡೆದ ಮೂರರಲ್ಲಿ ಒಂದು ಕ್ರಮಸಂಖ್ಯೆ 214 ಎಂಬುದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಒಪ್ಪಿಗೆ ಬರೆದುಕೊಟ್ಟೆ. 15,700 ರೂಪಾಯಿ ಖಾತೆಗೆ ಬಂದ ದಿನ ಕೋಷ್ಟಕದಲ್ಲಿ ಒಟ್ಟು ಸಂಖ್ಯೆಯನ್ನು 594ಕ್ಕೆ ಇಳಿಸಿ, 214ರ ಐದು ತುಂಡುಗಳನ್ನು ಅದರದೇ ಲಕೋಟೆಯಲ್ಲಿ ಹಾಕಿ, ಸ್ಥಿತಿ ಎಂಬ ಅಂಕಣದಲ್ಲಿ ಹೀಗೆ ಬರೆದೆ: "ಒಡೆದಿದೆ. ಪರಿಹಾರ ಬಂದಿದೆ. ತುಂಡುಗಳನ್ನು ನೂರು ರೂಪಾಯಿಗೆ ಮರಳಿ ಕೊಂಡಿದೆ."